ಕತ್ತಿನ ಕ್ಲಾಸು ಮತ್ತು ಕೆಂಪಮ್ಮನ ಹುಲ್ಲಿನ ಹೊರೆ

ಕತ್ತಿಗೂ ಒಂದು ಕ್ಲಾಸು ಇರುತ್ತದೆ ಎಂದರೆ ನಮ್ಮ ಮನೆಯಲ್ಲೇ ಯಾರೂ ನಂಬುತ್ತಿರಲಿಲ್ಲ. ನಮ್ಮ ಭಾವನವರು ಇವತ್ತಿಗೂ ನೆಂಟರಿಗೆ ನನ್ನನ್ನು ಪರಿಚಯಿಸುವುದು ‘ಇವ್ರು ಆಸ್ಪತ್ರೇಲಿ ಕರೆಂಟ್ ಕೊಡ್ತಿದ್ರು’ ಎಂದೇ. ನಾನು ಫಿಸಿಯೋಥೆರಪಿಸ್ಟ್. ತುಮಕೂರಿನ ಬಟವಾಡಿಯಲ್ಲಿ ಒಂದು ಟ್ರಸ್ಟಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಕೊನೆಯ ಹತ್ತು ಹನ್ನೆರಡು ವರ್ಷ ನನ್ನ ಮುಖ್ಯ ಕೆಲಸವೆಂದರೆ ವರ್ಷಗಟ್ಟಲೆ ಕತ್ತು ನೋವು ಅನುಭವಿಸಿದವರನ್ನು ಗುಂಪಾಗಿ ಸೇರಿಸಿ ವ್ಯಾಯಾಮ ಮಾಡಿಸುವುದು. ಮಂಗಳವಾರ ಗುಬ್ಬಿ, ಬುಧವಾರ ಬಟವಾಡಿ, ಶುಕ್ರವಾರ ಕುಣಿಗಲ್. ಮೂರು ಕಡೆಯೂ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ‘ಕತ್ತಿನ ಮೇಡಂ’ ಎಂದರೆ ಆಟೋದವರೂ ದಾರಿ ತೋರಿಸುತ್ತಿದ್ದರು.

ಈಗ ಓದು ಮುಗಿಸಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಫೋನ್ ಮಾಡಿ, ‘ಮೇಡಂ, ಗ್ರೂಪ್ ಕ್ಲಾಸ್ ಹೆಂಗೆ ಮಾಡ್ತಿದ್ರಿ?’ ಎಂದು ಕೇಳುತ್ತಾರೆ. ಪುಸ್ತಕದಲ್ಲಿರುವುದನ್ನು ಅವರು ನನಗಿಂತ ಚೆನ್ನಾಗಿ ಓದಿದ್ದಾರೆ. ಹಾಗಾಗಿ ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಅದಕ್ಕೇ ಸಾಕಷ್ಟು ಹಾಳೆ ಬೇಕು.

ಮೊದಲ ಎಡವಟ್ಟು ಬಟವಾಡಿಯಲ್ಲಿ ಆಯಿತು. ನಮ್ಮ ಟ್ರಸ್ಟಿನ ಮೂಳೆ ಡಾಕ್ಟರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಅಂಕಿ ಇಲ್ಲದ ಮಾತನ್ನು ಅವರು ಮಾತೆಂದೇ ಒಪ್ಪುತ್ತಿರಲಿಲ್ಲ. ಕತ್ತು ಸ್ವಲ್ಪ ತಿರುಗುತ್ತಿದೆ ಎಂದರೆ ‘ಎಷ್ಟು ಡಿಗ್ರಿ?’ ಎನ್ನುವರು. ಅವರ ಅಪ್ಪಣೆಯಂತೆ ಪ್ರತಿ ಕ್ಲಾಸಿನ ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಿರಿ ಎನ್ನುತ್ತಿದ್ದೆ. ಮೊದಲ ವಾರ ಮೂರು, ನಾಲ್ಕು ಬಂತು. ಆರನೆಯ ವಾರಕ್ಕೆ ಎಲ್ಲರ ಚೀಟಿಯಲ್ಲೂ ಒಂಬತ್ತು, ಹತ್ತು. ದೊಡ್ಡ ಡಾಕ್ಟರು ನನ್ನನ್ನು ಕರೆಸಿ, ಚೀಟಿಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿ, ಇವರ ಕತ್ತಿಗೆ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಚೀಟಿಗಳನ್ನು ಬಾಚಿಕೊಂಡು ಎದ್ದೆ.

ಹೊರಗೆ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಹಣೆಯ ತುಂಬ ವಿಭೂತಿ, ಮುಖದ ತುಂಬ ನಗು. ನೋವು ಹೆಚ್ಚಾಗಿದೆಯೇ ಎಂದು ಹೆದರುತ್ತಲೇ ಕೇಳಿದೆ.

‘ಎಲ್ಲಿ ಮೇಡಂ, ಪೂರ್ತಿ ಹೋಗೈತೆ. ಅದಕ್ಕೇ ಹತ್ತಕ್ಕೆ ಹತ್ತು ಹಾಕಿದೀನಿ. ಅಷ್ಟು ಚೆನ್ನಾಗಿ ಹೇಳ್ಕೊಡ್ತೀರಲ್ಲ, ಕಮ್ಮಿ ಹಾಕಕ್ಕೆ ಮನಸು ಬರಲಿಲ್ಲ.’

ಕ್ಲಾಸಿನ ಅಷ್ಟೂ ಜನ ಆರು ವಾರ ನನಗೆ ಮಾರ್ಕ್ಸು ಕೊಡುತ್ತಿದ್ದರು. ನಿವೃತ್ತ ಮೇಷ್ಟರೊಬ್ಬರು ಮಾತ್ರ ಒಂಬತ್ತೂವರೆ ಹಾಕಿದ್ದರು. ಆ ಅರ್ಧ ಮಾರ್ಕು ನಾನು ಒಂದು ದಿನ ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ ಕಳೆದದ್ದಂತೆ. ಅಂದಿನಿಂದ ನಾನು ಅಂಕಿ ಕೇಳುವುದನ್ನು ಬಿಟ್ಟು, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ, ತಲೆಗೆ ಎಣ್ಣೆ ಯಾರು ಹಚ್ಚುತ್ತಾರೆ ಎಂದೆಲ್ಲ ಕೇಳತೊಡಗಿದೆ.

ರುದ್ರಪ್ಪನವರಿಂದ ಇನ್ನೊಂದು ಉಪಕಾರವೂ ಆಯಿತು. ಹಣೆಗೆ ಅಂಗೈ ಒತ್ತಿಕೊಂಡು, ತಲೆ ಅಲುಗಿಸದೆ ಹತ್ತು ಎಣಿಸುವವರೆಗೆ ತಡೆಹಿಡಿಯಬೇಕು ಎಂಬ ವ್ಯಾಯಾಮವಿದೆ. ನಮ್ಮ ಜನ ಒಂದರಿಂದ ಹತ್ತಕ್ಕೆ ಎರಡೇ ಕ್ಷಣದಲ್ಲಿ ತಲುಪುತ್ತಿದ್ದರು. ಮಧ್ಯೆ ನಾಲ್ಕೈದು ಅಂಕಿಗಳನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ. ಆಗ ರುದ್ರಪ್ಪನವರು, ಅಂಕಿ ಬೇಡ, ಮನಸ್ಸಿನಲ್ಲಿ ನಿಧಾನವಾಗಿ ಮೂರು ಸಲ ಪಂಚಾಕ್ಷರಿ ಹೇಳಿಕೊಳ್ಳಲಿ, ಶಿವನ ಹೆಸರು ಹೇಳುವಾಗ ಯಾರೂ ಅವಸರ ಮಾಡಲಾರರು ಎಂದರು. ಬೇರೆ ದೇವರವರು ಅವರವರ ದೇವರನ್ನು ನೆನೆದರು. ಗಡಿಯಾರ ಹಿಡಿದು ನೋಡಿದೆ, ಸರಿಯಾಗಿ ಹತ್ತು ಸೆಕೆಂಡು ಆಗುತ್ತಿತ್ತು.

ಗುಬ್ಬಿಯಲ್ಲಿ ನನಗೆ ಪಾಠ ಕಲಿಸಿದವರು ಟೈಲರ್ ನಟರಾಜು. ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ಅವರ ಕತ್ತು ಮರಗಟ್ಟಿತ್ತು. ನಾನು ಅಳತೆ ಪಟ್ಟಿ ಹಿಡಿದು ಕತ್ತು ತಿರುಗಿಸಿ ಎಂದರೆ ಭುಜ ಸಮೇತ ಇಡೀ ಮೈಯೇ ತಿರುಗುತ್ತಿತ್ತು. ಎಡಕ್ಕೆ ಓರೆ ಮಾಡಿ ಎಂದರೆ ಕಣ್ಣು ಮಾತ್ರ ಓರೆಯಾಗುತ್ತಿತ್ತು. ಮೂರು ವಾರ ಫೈಲಿನಲ್ಲಿ ‘ಚಲನೆ ಇಲ್ಲ’ ಎಂದು ಬರೆದೆ. ನಾಲ್ಕನೆಯ ವಾರ ಕ್ಲಾಸು ಶುರುವಾಗುವ ಮೊದಲು ಪಕ್ಕದವರು, ನಿಮ್ಮ ಎದುರು ಅಂಗಡಿಯವನು ಹೊಲಿದ ಪ್ಯಾಂಟು ಮದುವೆ ಮನೆಯಲ್ಲೇ ಹೊಲಿಗೆ ಬಿಟ್ಟುಕೊಂಡಿತಂತಲ್ಲ ಎಂದರು. ನಟರಾಜು ತೃಪ್ತಿಯಿಂದ ‘ಹೂಂ’ ಎನ್ನುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ಕಿವಿ ಭುಜಕ್ಕೆ ತಾಗುವ ಹಾಗೆ ಆಡಿಸಿದರು. ನಾನು ಪಟ್ಟಿಯನ್ನು ಬ್ಯಾಗಿಗೆ ಹಾಕಿದೆ. ಅಂದಿನಿಂದ ಮೊದಲ ಕಾಲು ಗಂಟೆ ಎಲ್ಲರನ್ನೂ ಹರಟೆಗೆ ಬಿಟ್ಟು, ಕಾಫಿ ಕುಡಿಯುವ ನೆಪದಲ್ಲಿ ಅವರ ಕತ್ತುಗಳನ್ನು ನೋಡುತ್ತ ಕೂರುತ್ತಿದ್ದೆ. ಹೆದರಿಕೊಂಡು ಕೂತ ಕತ್ತಿಗಿಂತ ಹರಟೆಯ ಕತ್ತು ಹೆಚ್ಚು ಸತ್ಯ ಹೇಳುತ್ತದೆ.

ಕತ್ತಿನ ಬೆಲ್ಟಿನ ಕಥೆಯಂತೂ ಕೇಳಲೇಬೇಡಿ. ನಾನು ಕೆಲಸಕ್ಕೆ ಸೇರಿದಾಗ ಕತ್ತು ನೋವು ಎಂದವರಿಗೆಲ್ಲ ಬೆಲ್ಟು ಹಾಕಿ, ಅಲುಗಾಡಬೇಡಿ, ಭಾರ ಎತ್ತಬೇಡಿ ಎಂದು ಹೇಳಿ ಕಳಿಸುವುದೇ ಪದ್ಧತಿ. ಜನಕ್ಕೂ ಅದು ಇಷ್ಟ. ಬೆಲ್ಟು ಹಾಕಿಕೊಂಡು ಬಸ್ಸು ಹತ್ತಿದರೆ ಎದ್ದು ಸೀಟು ಕೊಡುತ್ತಿದ್ದರು. ಒಂದು ಮನೆಯಲ್ಲಿ ಒಂದೇ ಬೆಲ್ಟನ್ನು ಅತ್ತೆ, ಸೊಸೆ, ಮೈದುನ ಮೂವರೂ ಸರದಿಯ ಮೇಲೆ ಬಳಸುತ್ತಿದ್ದರು, ಯಾರಿಗೆ ತುಮಕೂರಿಗೆ ಪ್ರಯಾಣವಿದೆಯೋ ಅವರಿಗೆ. ಆಮೇಲೆ ಕಾಲ ಬದಲಾಯಿತು. ಬೆಂಗಳೂರಿನಲ್ಲಿ ಒಂದು ತರಬೇತಿಗೆ ಹೋದಾಗ, ಹಳೆಯ ನೋವಿನ ಕತ್ತನ್ನು ಸುಮ್ಮನಿರಿಸಬೇಡಿ, ಕೆಲಸ ಕೊಡಿ, ಸ್ವಲ್ಪ ಸ್ವಲ್ಪವೇ ಭಾರ ಕೊಟ್ಟು ಬಲ ಬರಿಸಿ ಎಂದು ಹೇಳಿಕೊಟ್ಟರು. ಎಲ್ಲವನ್ನೂ ಚೆಂದದ ಅಕ್ಷರದಲ್ಲಿ ಬರೆದುಕೊಂಡೆ. ಪುಸ್ತಕವನ್ನು ಬ್ಯಾಗಿನಲ್ಲಿಟ್ಟೆ, ಬ್ಯಾಗನ್ನು ಬೀರುವಿನಲ್ಲಿಟ್ಟೆ. ಬೆಲ್ಟು ಕೊಡುವುದನ್ನು ನಿಲ್ಲಿಸಿದೆ, ನಿಜ. ಆದರೆ ‘ಭಾರ ಎತ್ತಬೇಡಿ’ ಎಂಬ ಮಾತು ನಾಲಿಗೆಯ ಮೇಲೆ ಹಾಗೇ ಕೂತಿತ್ತು. ಅದರ ದಂಡ ತೆತ್ತವಳು ಕೆಂಪಮ್ಮ.

ಕುಣಿಗಲ್ ಕ್ಲಾಸು ಕೆರೆಯ ಕಡೆಗೆ ಹೋಗುವ ರಸ್ತೆಯ ಒಂದು ಛತ್ರದ ಊಟದ ಮನೆಯಲ್ಲಿ ನಡೆಯುತ್ತಿತ್ತು. ಮದುವೆ ಇದ್ದ ಶುಕ್ರವಾರ ಕ್ಲಾಸಿಗೆ ರಜೆ. ಒಮ್ಮೆ ಅದನ್ನು ಮರೆತು ಹೋಗಿಬಿಟ್ಟೆ, ಗಂಡಿನ ಕಡೆಯವಳೆಂದು ಕೂರಿಸಿ ಹೋಳಿಗೆ ಬಡಿಸಿದರು, ನಾನೂ ಬೇಡವೆನ್ನಲಿಲ್ಲ. ಈ ಕ್ಲಾಸಿಗೆ ಹುತ್ರಿದುರ್ಗದ ಕಡೆಯ ಹಳ್ಳಿಯಿಂದ ಕೆಂಪಮ್ಮ ಬಂದಳು. ನಲವತ್ತರ ಆಸುಪಾಸು, ಎರಡು ವರ್ಷದ ನೋವು. ಕೈಯಲ್ಲಿ ಜೋಮಿಲ್ಲ, ಬಲಹೀನತೆ ಇಲ್ಲ. ಎಕ್ಸ್‌ರೇ ನೋಡಿದ ದೊಡ್ಡ ಡಾಕ್ಟರು ವಯಸ್ಸಿಗೆ ತಕ್ಕ ಸವೆತ ಅಷ್ಟೇ ಎಂದಿದ್ದರು. ತಲೆಯ ಮೇಲೆ ಏನು ಹೊರುತ್ತೀಯಮ್ಮ ಎಂದು ಕೇಳಿದೆ. ಎರಡು ಹಸುಗಳಿವೆ, ದಿನಾ ಒಂದು ಹೊರೆ ಹುಲ್ಲು ಎಂದಳು. ಇನ್ನು ಮೇಲೆ ಒಂದು ಕಡ್ಡಿಯನ್ನೂ ಹೊರಬಾರದು ಎಂದು ತೀರ್ಪು ಕೊಟ್ಟೆ. ಅವಳು ಮತ್ತೆ ಕೇಳಲಿಲ್ಲ, ನಾನೂ ಮತ್ತೆ ಯೋಚಿಸಲಿಲ್ಲ.

ಎಂಟು ಶುಕ್ರವಾರ ಒಂದನ್ನೂ ತಪ್ಪಿಸದೆ ಬಂದಳು. ನೋವು ಇದ್ದಲ್ಲೇ ಇತ್ತು. ಆಮೇಲೆ ಮೂರು ವಾರ ಪತ್ತೆಯೇ ಇಲ್ಲ. ಫೋನ್ ಮಾಡಿದರೆ ಅವಳ ಗಂಡ ಎತ್ತಿದ. ಒಂದು ಹಸು ಹೋದ ತಿಂಗಳೇ ಮಾರಾಯಿತು, ಇನ್ನೊಂದರ ಮಾತು ನಡೆಯುತ್ತಿದೆ, ಸಾಲುವಷ್ಟು ಹುಲ್ಲು ತರುವವರಿಲ್ಲ ಎಂದ. ಅವನು ಫ್ಯಾಕ್ಟರಿ ಬಸ್ಸಿಗೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಹುಲ್ಲು ಇರುವುದು ಬೆಟ್ಟದ ಮಗ್ಗುಲಿನ ಬದುಗಳಲ್ಲಿ, ಗಾಡಿ ಹೋಗುವ ಜಾಗವಲ್ಲ. ಅವರ ಊರಿಗೆ ಯಾವ ಬಸ್ಸೆಂದು ಕೇಳಿಕೊಂಡು ಫೋನ್ ಇಟ್ಟೆ. ಮಾರನೆಯ ದಿನ ಶನಿವಾರ, ಬಸ್ಸು ಹತ್ತಿದೆ.

ಬಸ್ಸಿಳಿದು ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ, ಬದುವಿನ ಪಕ್ಕ ಒಬ್ಬ ಮುದುಕಿ ದೊಡ್ಡ ಹುಲ್ಲಿನ ಹೊರೆ ಕಟ್ಟಿಟ್ಟುಕೊಂಡು ನಿಂತಿದ್ದಳು. ಎಪ್ಪತ್ತು ದಾಟಿತ್ತು. ತುಂಬಿದ ಹೊರೆಯನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ, ದಾರಿಯಲ್ಲಿ ಹೋಗುವವರು ಎತ್ತಿಕೊಡಬೇಕು. ಕೆಂಪಮ್ಮನ ಮನೆ ಎಲ್ಲಿ ಎಂದು ಕೇಳಿದೆ.

‘ನಮ್ಮನೇನೇ ಕಣವ್ವ, ಅವ್ಳು ನನ್ ಸೊಸೆ. ಒಂಚೂರು ಎತ್ಕೊಡು, ಹಿಂದೇನೆ ಬರುವಂತೆ.’

ಮುದುಕಿಯ ಹೆಸರು ಸಿದ್ದಮ್ಮ. ಹಳೆಯ ಸೀರೆಯ ತುಂಡನ್ನು ಸುರುಳಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ತಯಾರಾಗಿ ನಿಂತಳು. ಮೂರು ಊರಿಗೆ ಭಾರ ಎತ್ತುವುದು ಹೇಗೆಂದು ಪಾಠ ಮಾಡುವ ನಾನು ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಮಾಡುತ್ತ ಹೊರೆಯನ್ನು ಎತ್ತಿದೆ. ಹೊರೆ ಅವಳ ತಲೆಗೇರಿತು. ನನ್ನ ಕತ್ತು ಕಳಕ್ಕೆಂದು ಹಿಡಿದುಕೊಂಡಿತು.

ಆಮೇಲಿನ ಅರ್ಧ ಮೈಲಿ ನನಗೆ ಎಡಕ್ಕೂ ನೋಡಲಾಗಲಿಲ್ಲ, ಬಲಕ್ಕೂ ನೋಡಲಾಗಲಿಲ್ಲ. ಕಣ್ಣಿಗೆ ಕಂಡದ್ದು ಮುಂದೆ ನಡೆಯುತ್ತಿದ್ದ ಸಿದ್ದಮ್ಮನ ಕತ್ತು ಒಂದೇ. ಹೊರೆ ತಲೆಗೆ ಬಿದ್ದ ಕ್ಷಣದಲ್ಲೇ ಅವಳ ಗದ್ದ ತಾನಾಗಿ ಒಳಕ್ಕೆ ಹೋಗಿತ್ತು, ಕತ್ತಿನ ಹಿಂಭಾಗ ನೇರವಾಗಿ ಉದ್ದಕ್ಕೆ ನಿಂತಿತ್ತು. ‘ಗದ್ದ ಹಿಂದಕ್ಕೆ ಎಳೆದುಕೊಳ್ಳಿ’ ಎಂಬ ಒಂದೇ ವ್ಯಾಯಾಮವನ್ನು ನಾನು ವರ್ಷಗಟ್ಟಲೆ ಕಲಿಸಿದ್ದೆ. ಕೆಲವರು ಬಾಯಿ ತೆರೆಯುತ್ತಿದ್ದರು, ಕೆಲವರು ನಾಚಿಕೊಂಡವರಂತೆ ತಲೆ ತಗ್ಗಿಸುತ್ತಿದ್ದರು, ಸರಿಯಾಗಿ ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು. ಅದೇ ಗದ್ದ ಇಲ್ಲಿ ಹುಲ್ಲು ಹೊತ್ತುಕೊಂಡು ದಿಬ್ಬ ಇಳಿಯುತ್ತಿತ್ತು. ನನಗೆ ನಾಚಿಕೆಯಾಯಿತು.

ಮನೆಗೆ ಬಂದ ಮೇಲೆ ನಾನು ಯಾರೆಂದು ಸಿದ್ದಮ್ಮನಿಗೆ ತಿಳಿಯಿತು. ಹೊರೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ನೇರವಾಗಿ ಕೇಳಿದಳು.

‘ನಮ್ ಸೊಸೆಗೆ ಹೊರಬ್ಯಾಡ ಅಂದೋರು ನೀವೇನಾ? ಅವ್ಳ ತಲೆ ಮೇಲಿಂದ ಇಳ್ಸಿ ನನ್ ತಲೆ ಮೇಲೆ ಇಟ್ರಲ್ಲ, ಅದ್ಯಾವ ಸೀಮೆ ವೈದ್ಯ ಕಣವ್ವ ನಿಮ್ದು?’

ತಲೆ ತಗ್ಗಿಸೋಣವೆಂದರೆ ಕತ್ತು ಬಗ್ಗುತ್ತಿರಲಿಲ್ಲ. ಅದನ್ನು ನೋಡಿ ಅವಳೇ ಹರಳೆಣ್ಣೆ ಬಿಸಿ ಮಾಡಿ ತಂದು ನನ್ನ ಕತ್ತಿಗೆ ತಿಕ್ಕಿದಳು, ತಿಕ್ಕುತ್ತಲೇ ಬೈದಳು. ಕೆಂಪಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಹಸುವಿನ ಕೊರಳು ತುರಿಸುತ್ತ ನಿಂತಿದ್ದಳು. ಅದರ ಹೆಸರು ಗೌರಿ. ಸಂಕ್ರಾಂತಿ ಕಳೆದ ಮೇಲೆ ಬಂದು ಹೊಡೆದುಕೊಂಡು ಹೋಗುತ್ತೇನೆಂದು ದಲ್ಲಾಳಿ ಮಾತಾಡಿ ಹೋಗಿದ್ದನಂತೆ. ಆಗ ದಸರೆ ಮುಗಿದಿತ್ತಷ್ಟೆ.

‘ಕರ ಆಗಿದ್ದಾಗ ತವರಿಂದ ಹೊಡ್ಕಂಬಂದಿದ್ದು ಮೇಡಂ’ ಎಂದಳು ಕೆಂಪಮ್ಮ. ‘ಒಂದೇ ಮಾತು ಹೇಳ್ಬುಡಿ. ನಾನು ಹೊರಬೋದಾ, ಹೊರಬಾರ್ದಾ?’

‘ತಪ್ಪು ನಂದೇ ಕಣಮ್ಮ. ಹೊರಬೋದು. ಇವತ್ತಲ್ಲ. ನಾನು ಹೇಳ್ದಂಗೆ ಮಾಡ್ತಾ ಬಾ, ಸಂಕ್ರಾಂತಿ ಹೊತ್ತಿಗೆ ಹೊರ್ತೀಯ.’

ಸಿದ್ದಮ್ಮ ಎಣ್ಣೆಯ ಕೈಯನ್ನು ನನ್ನ ಭುಜಕ್ಕೇ ಒರೆಸಿದಳು. ‘ಆಗ್ಲಿ, ಅಲ್ಲೀಗಂಟ ನಾನು ಹೊರ್ತೀನಿ. ಆಮೇಲೂ ಆಗ್ಲಿಲ್ಲ ಅಂದ್ರೆ ನೀವೇ ಬಂದು ಹೊರಬೇಕು.’

ಮುಂದಿನ ಶುಕ್ರವಾರ ಹಿಡಿದುಕೊಂಡ ಕತ್ತಿನಲ್ಲೇ ಕ್ಲಾಸಿಗೆ ಹೋದೆ. ನನ್ನ ಜನಕ್ಕೆ ಅಷ್ಟು ಸಂತೋಷವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ಬಂದು ನನಗೆ ನನ್ನ ಪಾಠವನ್ನೇ ಒಪ್ಪಿಸಿದರು. ನಡೆದದ್ದೆಲ್ಲ ಮುಚ್ಚಿಡದೆ ಹೇಳಿ, ಮುಂದಿನ ವಾರ ಎಲ್ಲರೂ ಒಂದು ಹಳೆಯ ಟವೆಲು, ಒಂದು ಚೊಂಬು ತನ್ನಿ ಎಂದೆ. ಟವೆಲು ಸುತ್ತಿ ಸಿಂಬಿ ಮಾಡಿಸಿ, ಖಾಲಿ ಚೊಂಬನ್ನು ತಲೆಯ ಮೇಲಿಡಿಸಿದೆ. ಹನ್ನೆರಡು ಗದ್ದಗಳು ಒಂದೇ ಸಲಕ್ಕೆ ಒಳಗೆ ಹೋದವು. ನಾನು ಒಂದು ಮಾತೂ ಹೇಳಬೇಕಾಗಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮಾತ್ರ ಹುಟ್ಟಿದಾರಭ್ಯ ತಲೆಯ ಮೇಲೆ ಏನನ್ನೂ ಹೊತ್ತವರಲ್ಲ, ಅವರ ಚೊಂಬು ಒಂದೊಂದು ಕ್ಲಾಸಿಗೂ ಆರು ಸಲ ಛತ್ರದ ನೆಲಕ್ಕೆ ಬೀಳುತ್ತಿತ್ತು. ಅಡುಗೆ ಭಟ್ಟರು ಇಣುಕಿ ನೋಡಿ, ಇದು ಯಾವ ವ್ರತ ಎಂದು ವಿಚಾರಿಸಿಕೊಂಡು ಹೋದರು.

ಬೀರುವಿನಿಂದ ಬ್ಯಾಗು ತೆಗೆದು, ಬೆಂಗಳೂರಿನಲ್ಲಿ ಬರೆದುಕೊಂಡದ್ದನ್ನು ಕೊನೆಗೂ ಓದಿದೆ. ಕೆಂಪಮ್ಮನಿಗೆ ಖಾಲಿ ಚೊಂಬಿನಿಂದ ಅರ್ಧ ಚೊಂಬು ನೀರು, ಆಮೇಲೆ ತುಂಬಿದ ಚೊಂಬು, ಆಮೇಲೆ ಬಟ್ಟೆಯ ಚೀಲದಲ್ಲಿ ಒಂದು ಸೇರು ರಾಗಿ, ಎರಡು ಸೇರು ರಾಗಿ. ಜೊತೆಗೆ ಹಣೆ ಒತ್ತುವುದು, ಭುಜದ ವ್ಯಾಯಾಮ, ನಡಿಗೆ. ಓದುವ ಎಳೆಯರು ಇಲ್ಲೊಂದು ಮಾತು ನೆನಪಿಡಿ: ಎಲ್ಲರ ತಲೆಯ ಮೇಲೂ ಚೊಂಬು ಇಡುವಂತಿಲ್ಲ. ಕೈ ಜೋಮು ಹಿಡಿಯುವವರು, ಕೈಯಿಂದ ಸಾಮಾನು ಜಾರಿ ಬೀಳುವವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಏಳನೆಯ ವಾರ ಕೆಂಪಮ್ಮ ಕತ್ತು ಹಿಡಿದುಕೊಂಡೇ ಬಂದಳು. ರಾತ್ರಿಯೆಲ್ಲ ನೋವು ಎಂದಳು. ಅವಳನ್ನು ಪಕ್ಕಕ್ಕೆ ಕೂರಿಸಿದೆ. ಕೆದಕಿ ಕೇಳಿದರೆ, ಹಿಂದಿನ ದಿನ ಯಾರೂ ನೋಡದ ಹಾಗೆ ಅರ್ಧ ಹೊರೆ ಹುಲ್ಲು ಹೊತ್ತಿದ್ದಳು. ಹಸುವನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ದಲ್ಲಾಳಿ ದಾರಿಯಲ್ಲಿ ಸಿಕ್ಕಿ ಗೌರಿಯ ಹಲ್ಲು ನೋಡಿ ಹೋಗಿದ್ದನಂತೆ, ತಡೆಯಲಾಗಲಿಲ್ಲವಂತೆ. ಬೈಯಲು ನನಗೆ ಬಾಯಿ ಬರಲಿಲ್ಲ. ಮತ್ತೆ ಅರ್ಧ ಚೊಂಬಿಗೆ ಇಳಿಸಿದೆ. ಅದೇ ಹೊತ್ತಿಗೆ, ಹೇಳದೆ ಕೇಳದೆ, ಬಾಗಿಲಲ್ಲಿ ದೊಡ್ಡ ಡಾಕ್ಟರು ಪ್ರತ್ಯಕ್ಷರಾದರು.

ಹನ್ನೆರಡು ಜನ ತಲೆಯ ಮೇಲೆ ಚೊಂಬಿಟ್ಟುಕೊಂಡು ಗೋಡೆಯುದ್ದಕ್ಕೂ ನಿಂತಿದ್ದರು. ಡಾಕ್ಟರು ಬಂದರೆಂದು ಎಲ್ಲರೂ ಗೌರವದಿಂದ ಕೈ ಮುಗಿದರು. ಬ್ಯಾಂಕಿನವರ ಚೊಂಬು ಬಿತ್ತು, ನೀರು ಡಾಕ್ಟರ ಬೂಟಿನವರೆಗೂ ಹರಿಯಿತು. ಇದು ಯಾವ ಪುಸ್ತಕದಲ್ಲಿದೆ ಎಂದು ಅವರು ಕೇಳಿದರು. ಸಿದ್ದಮ್ಮನ ಹೊರೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಜವಾಬ್ದಾರಿ ಎಂದರು. ನಾನೇ ಎಂದೆ. ಬರೆದುಕೊಡಿ ಎಂದರು. ಹಾಜರಿ ಹಾಳೆಯ ಹಿಂಬದಿಯಲ್ಲಿ ಬರೆದು ಸಹಿ ಹಾಕಿದೆ.

ಅವರು ಕೆಂಪಮ್ಮನನ್ನು ಕೂರಿಸಿ ಅವಳ ಕತ್ತನ್ನು ತಮ್ಮ ಪಟ್ಟಿಯಲ್ಲಿ ಅಳೆದರು. ಹಳೆಯ ಫೈಲು ನೋಡಿದರು, ಇನ್ನೊಮ್ಮೆ ಅಳೆದರು. ನೋವಿನ ದಿನವೂ ಅದು ಮೊದಲಿಗಿಂತ ಚೆನ್ನಾಗಿ ತಿರುಗುತ್ತಿತ್ತು. ಆಮೇಲೆ ಚೊಂಬಿನ ತೂಕ ಎಷ್ಟು ಎಂದು ಕೇಳಿ ಬರೆದುಕೊಂಡರು. ಸ್ವಲ್ಪ ಹೊತ್ತಿನ ನಂತರ ಕೈ ತೊಳೆಯುವ ಕಡೆ ಹೋದಾಗ ನೋಡುತ್ತೇನೆ, ಅಲ್ಲಿನ ಕನ್ನಡಿಯ ಮುಂದೆ ದೊಡ್ಡ ಡಾಕ್ಟರು ತಲೆಯ ಮೇಲೆ ಫೈಲು ಇಟ್ಟುಕೊಂಡು ಗದ್ದ ಒಳಗೆಳೆದು ನಿಂತಿದ್ದಾರೆ. ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಸೇರಿತು. ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಲಾಸು ಮುಂದುವರಿಯಿತು.

ಸಂಕ್ರಾಂತಿಯ ಹಿಂದಿನ ದಿನ ಸಿದ್ದಮ್ಮನ ಫೋನ್ ಬಂತು. ನಮಸ್ಕಾರ, ಕ್ಷೇಮ ಸಮಾಚಾರ ಏನೂ ಇಲ್ಲ.

‘ಇವತ್ತು ಅವ್ಳೇ ತಂದ್ಲು. ಮುಕ್ಕಾಲು ಹೊರೆ. ದಲ್ಲಾಳಿಗೆ ಬರಬ್ಯಾಡ ಅಂತ ಹೇಳ್ಕಳ್ಸಿದೀವಿ. ನೀವು ಬಂದು ಹೊರೋದು ತಪ್ತು ಬುಡಿ.’

ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನೋವು ಪೂರ್ತಿ ಮಾಯವಾಯಿತೆಂದು ಹೇಳಲಾರೆ. ಮೋಡ ಮುಸುಕಿದ ದಿನ ಇವತ್ತಿಗೂ ಕತ್ತು ಹಿಡಿಯುತ್ತದೆ ಎನ್ನುತ್ತಾಳೆ ಕೆಂಪಮ್ಮ. ಆದರೆ ಈಗ ಅದಕ್ಕೆ ಹೆದರುವುದಿಲ್ಲ. ನನ್ನ ಮಾತಿನಿಂದಾಗಿ ಮಾರಾಟವಾದ ಮೊದಲನೆಯ ಹಸು ಮಾತ್ರ ವಾಪಸು ಬರಲಿಲ್ಲ, ಅದು ನನ್ನ ಲೆಕ್ಕದಲ್ಲೇ ಇದೆ.

ಹೋದ ವರ್ಷ ಕುಣಿಗಲ್ಲಿನಲ್ಲಿ ನನ್ನ ಕೊನೆಯ ಶುಕ್ರವಾರ ಬಂತು. ಕತ್ತು ನೋವಿನವರೆಲ್ಲ ಸೇರಿ ನನ್ನ ಕತ್ತಿಗೆ ಎರಡು ಕಿಲೋ ತೂಗುವ ಹಾರ ಹಾಕಿದರು, ಜರಿ ಅಂಚಿನ ಶಾಲು ಹೊದಿಸಿದರು. ಬ್ಯಾಂಕಿನವರು ಚೊಂಬನ್ನು ತಲೆಯ ಮೇಲಿಟ್ಟುಕೊಂಡೇ ಭಾಷಣ ಮಾಡಿದರು, ಬೀಳಲಿಲ್ಲ. ಕೆಂಪಮ್ಮ ಒಳ್ಳೆಯ ಸೀರೆ ಉಟ್ಟು ತಡವಾಗಿ ಬಂದಳು, ಕೈಯಲ್ಲಿ ಸ್ಟೀಲ್ ಡಬ್ಬಿಯ ತುಂಬ ಗಿಣ್ಣು. ಗೌರಿ ಕರು ಹಾಕಿತ್ತು. ಎಲ್ಲರೂ ಬೆರಳು ನೆಕ್ಕಿಕೊಂಡು ತಿಂದರು.

ಹೊರಡುವಾಗ ನೋಡಿದರೆ, ಛತ್ರದ ಜಗಲಿಯ ಮೇಲೆ ಅವಳು ಬರುವ ದಾರಿಯಲ್ಲಿ ಕೊಂಡು ತಂದಿಟ್ಟಿದ್ದ ಅರ್ಧ ಮೂಟೆ ಹಿಂಡಿ ಇತ್ತು, ಬಾಣಂತಿ ಹಸುವಿಗೆ. ಬಸ್ ಸ್ಟ್ಯಾಂಡಿನವರೆಗೆ ಹೊರಬೇಕು. ಒಳ್ಳೆಯ ಸೀರೆಯ ಗಡಿಬಿಡಿಯಲ್ಲಿ ಸಿಂಬಿ ಮರೆತು ಬಂದಿದ್ದಳು. ಆಟೋ ಕರೆಯುತ್ತೇನೆ ಎಂದು ಬಾಯಿಯವರೆಗೆ ಬಂತು, ನುಂಗಿಕೊಂಡೆ. ಹೆಗಲ ಮೇಲಿನ ಶಾಲು ತೆಗೆದು ಸುರುಳಿ ಸುತ್ತತೊಡಗಿದೆ.

‘ಅಯ್ಯೋ ಬ್ಯಾಡಿ ಮೇಡಂ, ಸನ್ಮಾನದ್ದು’ ಎಂದಳು.

ನಾನು ಕೇಳಲಿಲ್ಲ. ಸಿಂಬಿಯನ್ನು ಅವಳ ನೆತ್ತಿಯ ಮೇಲಿಟ್ಟೆ. ಅವಳು ಕಾಲು ಸರಿಯಾಗಿ ಊರಿ ನಿಂತು, ‘ಹಂಗಾದ್ರೆ ಒಂಚೂರು ಎತ್ಕೊಡಿ’ ಎಂದಳು. ಈ ಸಲ ಮಂಡಿ ಬಗ್ಗಿಸಿ, ಮೂಟೆಯನ್ನು ಮೈಗೆ ಹತ್ತಿರ ಹಿಡಿದು, ಪಾಠದಲ್ಲಿದ್ದಂತೆ ಎತ್ತಿದೆ. ಅವಳ ಗದ್ದ ತಾನಾಗಿ ಒಳಗೆ ಹೋಯಿತು. ಎರಡೂ ಕೈ ಬೀಸಿಕೊಂಡು ನಡೆದು ಹೋದಳು, ಮೂಟೆಯ ಕೆಳಗೆ ನನ್ನ ಶಾಲಿನ ಜರಿ ಅಂಚು ಇಣುಕುತ್ತಿತ್ತು. ಆ ಶಾಲನ್ನು ನಾನು ಇವತ್ತಿಗೂ ವಾಪಸು ಕೇಳಿಲ್ಲ.